ಸೈಕಲ್ ಓರಿಯಂಟೀರಿಂಗ್: ವಿದೇಶಕ್ಕೆ ಹೋಗಿ ಬಂದವರು, ಸ್ಪರ್ಧೆ ನಡೆಸಿದವರು ಅನುಭವ ಹೇಳಿ

ಹೊಸಬ: ಓಟದ ಓರಿಯಂಟೀರಿಂಗ್ (ನಕ್ಷೆ ನೋಡಿ ದಾರಿ ಹುಡುಕಿಕೊಂಡು, ಗುರುತಿನ ಜಾಗಗಳನ್ನು ಮುಟ್ಟಿ ಬರುವ ಸ್ಪರ್ಧೆ) ಅಭ್ಯಾಸ ಇದೆ. ಈಗ ಮೌಂಟನ್ ಬೈಕ್‌ನಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗುವ ಆಸೆ. ಸೈಕಲ್ ಒಯ್ಯುವುದಾ, ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುವುದಾ? ಆಮೇಲೆ ನಾವೇ ಒಂದು ಸ್ಪರ್ಧೆ ನಡೆಸೋಣ ಅಂತ ಕ್ಲಬ್‌ನವರು ಹೇಳುತ್ತಿದ್ದಾರೆ.

ಕೆಸರುಚಕ್ರ: ನಾನು ಒಯ್ದೆ, ಮುಂದೆಯೂ ಒಯ್ಯುತ್ತೇನೆ. ದಾರಿಯಲ್ಲಿ ಎರಡು ವಿಮಾನ ಕಂಪನಿ, ಸೈಕಲ್ ಪೆಟ್ಟಿಗೆಗೆ ಇಬ್ಬರಿಗೂ ಬೇರೆಬೇರೆ ದುಡ್ಡು, ವಾಪಸ್ ಬರುವಾಗ ಮತ್ತೆ ಅದೇ ಕಥೆ. ಇಷ್ಟು ಕೊಟ್ಟರೂ ಪೆಟ್ಟಿಗೆ ತೆರೆದಾಗ ಗೇರ್ ಹ್ಯಾಂಗರ್, ಅಂದರೆ ಹಿಂದಿನ ಗೇರನ್ನು ಫ್ರೇಮ್‌ಗೆ ಹಿಡಿದಿಡುವ ತುಂಡು, ಬಗ್ಗಿತ್ತು. ಅದು ಒಂದೊಂದು ಫ್ರೇಮ್‌ಗೆ ಒಂದೊಂದು ತರಹ, ಊರೆಲ್ಲ ಹುಡುಕಿದರೂ ನನ್ನದಕ್ಕೆ ಸಿಗಲಿಲ್ಲ. ಕೈಯಲ್ಲೇ ನೆಟ್ಟಗೆ ಮಾಡಿ ಸ್ಪ್ರಿಂಟ್‌ಗೆ ಇಳಿದೆ. ಗೆಲ್ಲುವವರು ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಮುಗಿಸುವ ರೇಸ್, ಅದರಲ್ಲಿ ಏರು ಬಂದಾಗಲೆಲ್ಲ ಚೈನ್ ಜಾರುತ್ತಿತ್ತು. ಅದೂ ಹೋಗಲಿ, ನಕ್ಷೆಯಲ್ಲಿ ಗೆರೆ ತುಂಡಾಗದೆ ಇದ್ದ ದಾರಿ, ಅಂದರೆ ಅತಿ ವೇಗದ್ದು, ಹೋಗಿ ನೋಡಿದರೆ ಮೊಣಕಾಲು ಮಟ್ಟ ಕೆಸರು!

ನಕ್ಷೆಗಾರ: ಇದನ್ನೇ ಎಲ್ಲರೂ ಹೇಳುತ್ತಾರೆ. ನಾನು ಸ್ಪರ್ಧೆ ನಡೆಸಿದವನು, ಕೇಳಿ. ಓಟದ ನಕ್ಷೆ ಇಲ್ಲಿ ಸಾಲದು. ಪ್ರತಿ ದಾರಿಯನ್ನೂ ಸೈಕಲ್ ತುಳಿದು ನೋಡಿ ವೇಗದ ನಾಲ್ಕು ದರ್ಜೆಯಲ್ಲಿ ಒಂದಕ್ಕೆ ಹಾಕಬೇಕು. ದುಡ್ಡು ಹೋಗುವುದೇ ಅದಕ್ಕೆ. ಉಳಿದದ್ದು ಟೈಮಿಂಗ್ ಚಿಪ್ ಬಾಡಿಗೆಗೆ, ಅರಣ್ಯದ ಅನುಮತಿಗೆ. ನಕ್ಷೆ ಅಚ್ಚಾದ ಮೇಲೆ ಮರದ ದಿಮ್ಮಿ ಎಳೆಯುವ ಟ್ರಾಕ್ಟರ್ ಒಳಗೆ ಹೋಯಿತು, ಆಮೇಲೆ ಮಳೆ, ದಾರಿಗಳ ದರ್ಜೆಯೇ ಬದಲಾಯಿತು. ಅಷ್ಟೂ ಹಾಳೆ ಮತ್ತೆ ಅಚ್ಚು ಹಾಕಿಸಿದೆವು. ನಿಮಗೇನು, ಹ್ಯಾಂಡಲ್ ಮೇಲೆ ನಕ್ಷೆ ತಿರುಗಿಸಿಕೊಂಡು ಬೈಯುವುದು ಸುಲಭ ಅಲ್ವಾ?

ಕೆಸರುಚಕ್ರ: ಪ್ರವೇಶ ಶುಲ್ಕ ಕೊಟ್ಟವರು ಬೈಯುತ್ತಾರೆ ಸ್ವಾಮಿ.

ಬಾಡಿಗೆ ಗಾಡಿ: ಸೈಕಲ್ ಹೊತ್ತು ಒದ್ದಾಡುವುದು ಯಾಕೆ ಅಂತ ನಾನು ಬಾಡಿಗೆಗೆ ತೆಗೆದುಕೊಂಡೆ. ನನ್ನ ಮ್ಯಾಪ್ ಬೋರ್ಡ್ (ಹ್ಯಾಂಡಲ್ ಮೇಲೆ ನಕ್ಷೆ ಇಡುವ ಹಲಗೆ) ಕ್ಲ್ಯಾಂಪ್ 31.8 ಮಿ.ಮೀ. ದಪ್ಪದ ಹ್ಯಾಂಡಲ್‌ಬಾರ್‌ದು, ಅಂಗಡಿಯವರು ಕೊಟ್ಟ ಸೈಕಲ್‌ದು 35 ಮಿ.ಮೀ. ಮುಂಚೆಯೇ ಬರೆದು ಕೇಳಿದ್ದೆ, "ಎಲ್ಲಾ ಸರಿಹೋಗುತ್ತದೆ" ಅಂದಿದ್ದರು. ಬ್ರೇಕ್ ಕೂಡ ತಿರುಗುಮುರುಗು, ಮುಂದಿನದು ಎಡಗೈಗೆ. ಮೊದಲ ಇಳಿಜಾರಿನಲ್ಲೇ ಹಾರಿ ಬಿದ್ದೆ. ಆದರೆ ಫುಲ್ ಸಸ್ಪೆನ್ಷನ್, ಅಂದರೆ ಹಿಂದೆ ಮುಂದೆ ಎರಡೂ ಕಡೆ ಶಾಕ್, ಇತ್ತು, ಬೇರುಗಳ ಮೇಲೆ ಹೋಗುವಾಗಲೂ ನಕ್ಷೆ ಓದಲು ಆಯಿತು. ಹಾರ್ಡ್‌ಟೇಲ್‌ನವರು (ಹಿಂದೆ ಶಾಕ್ ಇಲ್ಲದ ಸೈಕಲ್‌ನವರು) ಸುಮ್ನೆ ಹಠ ಮಾಡುತ್ತಾರೆ.

ಕೆಸರುಚಕ್ರ: ಹಠ ಅಲ್ಲ, ತೂಕ. ಸೈಕಲ್ ಬಿಟ್ಟು ಕಂಟ್ರೋಲ್‌ಗೆ, ಅಂದರೆ ಮುಟ್ಟಬೇಕಾದ ಗುರುತಿನ ಜಾಗಕ್ಕೆ, ಓಡಿಹೋಗುವ ಹಾಗಿಲ್ಲ, ಹೆಗಲ ಮೇಲಾದರೂ ಜೊತೆಗೇ ಇರಬೇಕು. ಏರಿನಲ್ಲಿ ಹೊತ್ತು ನೋಡಿ, ಆಮೇಲೆ ಸಸ್ಪೆನ್ಷನ್ ಮಾತಾಡಿ.

ಬಾಡಿಗೆ ಗಾಡಿ: ದಾರಿ ಸರಿಯಾಗಿ ಆರಿಸಿದರೆ ಹೊರುವ ಪ್ರಸಂಗವೇ ಬರುವುದಿಲ್ಲ.

ಹೊಸಬ: ಹಾಗಾದರೆ ಬಾಡಿಗೆನೇ ಒಳ್ಳೆಯದಾ?

ನಕ್ಷೆಗಾರ: ಕೆಸರುಚಕ್ರ ಅವರೇ, ಲಿಖಿತ ದೂರಿಗೆ ಶುಲ್ಕ ಇರುವುದಿಲ್ಲ. ನಕ್ಷೆ ಅಷ್ಟು ತಪ್ಪಿದ್ದರೆ ಅವತ್ತೇ ಆಯೋಜಕರಿಗೆ ಬರೆದು ಕೊಡಬೇಕಿತ್ತು.