ಪದಚರ್ಚೆ: ದವಸಕ್ಕಾಗಿ ಎದ್ದ ಜನರ ಗುಂಪಿಗೆ ದಂಗೆ, ದೊಂಬಿ, ಗಲಭೆ – ಯಾವುದು?

ಎಲ್ಲರಿಗೂ ನಮಸ್ಕಾರ.

17-18ನೇ ಶತಮಾನದ ಇಂಗ್ಲೆಂಡಿನ ಜನಸಾಮಾನ್ಯರು ಕಾನೂನನ್ನು ಹೇಗೆ ಕಾಣುತ್ತಿದ್ದರು ಎಂಬ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. 'ರಯಟ್' (riot) ಎಂಬ ಇಂಗ್ಲಿಷ್ ಪದಕ್ಕೆ ಸರಿಯಾದ ಕನ್ನಡ ಪದ ಸಿಗದೆ ಅಲ್ಲಿಗೇ ಬಂದು ನಿಂತಿದ್ದೇನೆ.

ಸಂದರ್ಭ ಹೇಳುತ್ತೇನೆ. 1629ರ ಮಾರ್ಚ್, ಎಸೆಕ್ಸ್ ಸೀಮೆಯ ಮಾಲ್ಡನ್ ಬಂದರು. ಬಟ್ಟೆ ವ್ಯಾಪಾರ ಕುಸಿದು ನೇಕಾರರ ಮನೆಗಳಲ್ಲಿ ಕೂಲಿಯಿಲ್ಲ. ದವಸದ ಬೆಲೆ ಏರಿದೆ, ಆದರೂ ದವಸ ಹಡಗೇರಿ ಹೊರಗೆ ಹೋಗುತ್ತಿದೆ. ನೂರಕ್ಕೂ ಹೆಚ್ಚು ಹೆಂಗಸರು ಮಕ್ಕಳನ್ನೂ ಕರೆದುಕೊಂಡು ಹಡಗು ಹತ್ತಿದರು. ಹಡಗಿನವರ ಕೈಯಿಂದಲೇ ತಮ್ಮ ಟೋಪಿಗೆ, ಏಪ್ರನ್‌ಗೆ ದವಸ ತುಂಬಿಸಿಕೊಂಡು ಹೋದರು. ಮೇ ತಿಂಗಳಲ್ಲಿ ಮತ್ತೆ ಜನ ಸೇರಿದರು. ಆಗ ಮುಂದಾಳಾಗಿದ್ದ ಆನ್ ಕಾರ್ಟರ್‌ಳನ್ನು ಗಲ್ಲಿಗೇರಿಸಿದರು.

ಇದನ್ನು 'ದಂಗೆ' ಎಂದರೆ ರಾಜನ ವಿರುದ್ಧ ಎದ್ದರು ಎಂದಾಗುತ್ತದೆ, ಅಲ್ವಾ? ಸಿಪಾಯಿ ದಂಗೆ ಎನ್ನುತ್ತೇವಲ್ಲ, ಹಾಗೆ. ಇಲ್ಲಿ ಕಥೆ ಬೇರೆ. ಬರಗಾಲದಲ್ಲಿ ಕಣಜಗಳನ್ನು ಹುಡುಕಿಸಿ, ಕೂಡಿಟ್ಟ ದವಸವನ್ನು ಪೇಟೆಗೆ ತರಿಸಿ, ಮೊದಲು ಬಡವರಿಗೆ ಕೊಡಿಸಬೇಕು ಎಂದು ಸರ್ಕಾರವೇ 1587ರಿಂದ ಹಲವು ಸಲ ಸ್ಥಳೀಯ ನ್ಯಾಯಾಧಿಕಾರಿಗಳಿಗೆ ಆದೇಶ ಹೊರಡಿಸಿತ್ತು. ಅಧಿಕಾರಿಗಳು ಮಾಡಬೇಕಾದದ್ದನ್ನೇ ತಾವು ಮಾಡುತ್ತಿದ್ದೇವೆ ಎಂಬ ನಂಬಿಕೆ ಇಂಥ ಗುಂಪುಗಳಲ್ಲಿ ಗಟ್ಟಿಯಾಗಿತ್ತು.

'ಲೂಟಿ' ಅಂತೂ ಸಲ್ಲದು. 1766ರಲ್ಲಿ ಡೆವನ್ ಸೀಮೆಯ ಹೊನಿಟನ್‌ನಲ್ಲಿ ಲೇಸ್ ಹೆಣೆಯುವವರು ರೈತರ ದವಸವನ್ನು ಎತ್ತಿ ತಂದು, ತಮಗೆ ನ್ಯಾಯ ಎನಿಸಿದ ಬೆಲೆಗೆ ಪೇಟೆಯಲ್ಲಿ ಮಾರಿದರು. ಬಂದ ಹಣವನ್ನು ಮಾತ್ರವಲ್ಲ, ಖಾಲಿ ಚೀಲಗಳನ್ನೂ ರೈತರಿಗೆ ಹಿಂದಿರುಗಿಸಿದರು! ಲೂಟಿ ಮಾಡುವವರು ಚೀಲ ವಾಪಸ್ ಕೊಡುವುದುಂಟೇ?

'ದೊಂಬಿ' ನಮ್ಮ ಪೊಲೀಸ್ ಕಡತದ ಪದ. ಕಾನೂನಿನ ಮಟ್ಟಿಗೆ ಅದು ಹತ್ತಿರವೇ. ದೊಂಬಿ ಎನಿಸಬೇಕಾದರೆ ನಮ್ಮಲ್ಲಿ ಕನಿಷ್ಠ ಐದು ಜನ ಸೇರಿರಬೇಕು, ಆಗಿನ ಇಂಗ್ಲೆಂಡಿನಲ್ಲಿ ಮೂವರು ಸಾಕಿತ್ತು. ಆದರೆ ದೊಂಬಿ ಎಂದು ಬರೆದ ಕೂಡಲೇ ನಾನು ಆನ್ ಕಾರ್ಟರ್‌ಗೆ ಶಿಕ್ಷೆ ಕೊಟ್ಟವರ ಪಕ್ಕ ಹೋಗಿ ನಿಂತಂತಾಗುತ್ತದೆ. ಅದು ನನಗೆ ಬೇಡ. 'ಗಲಭೆ' ಎಂದರೆ ಈಗಿನ ಓದುಗರಿಗೆ ಕೋಮುಗಲಭೆ ನೆನಪಾಗುವುದೇ ಜಾಸ್ತಿ.

ನನಗೆ ಹೊಳೆದದ್ದು 'ಹುಯಿಲು'. ಅದರಲ್ಲಿ ಕೂಗೂ ಇದೆ, ಮೊರೆಯೂ ಇದೆ. ವೀರಗಲ್ಲುಗಳಲ್ಲಿ 'ಪುಯ್ಯಲ್' ಎಂದರೆ ಕಾದಾಟವೂ ಹೌದು. 'ದವಸದ ಹುಯಿಲು' ಎಂದು ಬರೆದರೆ ಕೇಳುವ ಹಕ್ಕು, ನುಗ್ಗುವ ಸಿಟ್ಟು ಎರಡೂ ಸಿಕ್ಕಂತೆ ಅನಿಸುತ್ತದೆ. ತೊಡಕು ಒಂದೇ. ಈಗ 'ಹುಯಿಲೆಬ್ಬಿಸಿದರು' ಎಂದರೆ ಸುಮ್ನೆ ಗದ್ದಲ ಮಾಡಿದರು ಎಂದು ಓದುವವರೂ ಇದ್ದಾರೆ.

ನಿಮ್ಮ ಕಡೆಯ ಮಾತಿನಲ್ಲಿ ಹುಯಿಲು ಈಗಲೂ ಬಳಕೆಯಲ್ಲಿದೆಯೇ? ಯಾವ ಅರ್ಥದಲ್ಲಿ? ಊರಿನವರು ಒಟ್ಟಾಗಿ ಹೋಗಿ ತಮಗೆ ಸಲ್ಲಬೇಕಾದದ್ದನ್ನು ಕಿತ್ತುಕೊಂಡು ಬರುವುದಕ್ಕೆ ಬೇರೆ ಪದ ಇದ್ದರೆ ದಯವಿಟ್ಟು ತಿಳಿಸಿ. ಜೊತೆಗೆ ಅದನ್ನು ಬಳಸಿದ ಒಂದು ವಾಕ್ಯವನ್ನೂ ಕೊಟ್ಟರೆ ತುಂಬ ಉಪಕಾರವಾಗುತ್ತದೆ.