ಹುಬ್ಬಳ್ಳಿಯಲ್ಲಿ ದುಬಾರಿ ಸಿಗಾರ್‌ಗಳ ಮಾರಾಟ ಇಳಿದಿದೆ: ಮಾಲು ಮತ್ತೆ ತರಿಸಬೇಕೇ?

ಕೇಶ್ವಾಪುರದ ಅಂಗಡಿಕಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತಂದೆಯವರ ಕಾಲದಿಂದ ನಡೆದುಬಂದಿರುವ ನಮ್ಮ ಅಂಗಡಿಯಲ್ಲಿ ಒಣಹಣ್ಣು, ಅತ್ತರು, ವಿದೇಶಿ ಚಾಕೊಲೇಟುಗಳ ಜೊತೆಗೆ ಒಂದು ಕಪಾಟಿನಲ್ಲಿ ಕ್ಯೂಬಾ, ನಿಕರಾಗುವಾ ಮತ್ತು ಡೊಮಿನಿಕನ್ ಗಣರಾಜ್ಯದ ಕೈಸುತ್ತಿನ ಸಿಗಾರ್‌ಗಳನ್ನೂ ಇಟ್ಟುಕೊಂಡಿದ್ದೇವೆ. ಕೊರೋನಾ ಮುಗಿದ ನಂತರ ಕೆಲವು ಕಾಲ ಗುತ್ತಿಗೆದಾರರು, ವೈದ್ಯರು, ಮದುವೆಯ ಸೀಜನ್ನಿನಲ್ಲಿ ಉಡುಗೊರೆಗೆಂದು ಹುಡುಕಿಕೊಂಡು ಬರುವವರು ಹೀಗೆ ಒಳ್ಳೆಯ ಗಿರಾಕಿಗಳಿದ್ದರು. ಈಗ ಅದೇ ಜನ ಬರುತ್ತಾರೆ, ಬಾದಾಮಿ ಕಟ್ಟಿಸಿಕೊಳ್ಳುತ್ತಾರೆ, ಸಿಗಾರ್‌ನ ಬೆಲೆ ಕೇಳಿ ಸುಮ್ಮನೆ ಹೊರಡುತ್ತಾರೆ. ಬೆಂಗಳೂರಿನ ವಿತರಕರನ್ನು ಕೇಳಿದರೆ, ಜಗತ್ತಿನಲ್ಲೇ ಈ ವ್ಯಾಪಾರ ಕುಗ್ಗಿದೆ, ಸ್ವಲ್ಪ ತಾಳಿಕೊಳ್ಳಿ, ದೀಪಾವಳಿಗೆ ಮಾತ್ರ ಆರ್ಡರು ತಪ್ಪಿಸಬೇಡಿ ಎನ್ನುತ್ತಾರೆ. ಕುಗ್ಗಿದೆಯೆಂದ ಮೇಲೆ ಆರ್ಡರು ಏಕೆ ಎಂಬುದು ನನಗೆ ತಿಳಿಯಲಿಲ್ಲ. ಇದು ನಿಜವಾಗಿಯೂ ಜಗತ್ತಿನ ಕುಸಿತವೋ ಅಥವಾ ನಮ್ಮ ಊರಿನ ಮಟ್ಟಿಗಿನದೋ? ಬಂಡವಾಳವನ್ನು ಮತ್ತೆ ಇದರಲ್ಲಿ ಹೂಡುವುದು ಸರಿಯೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ನವನಗರದ ತೆರಿಗೆ ಸಲಹೆಗಾರ

ನಿಮ್ಮ ವಿತರಕರ ಮಾತಿನಲ್ಲಿ ಅರ್ಧದಷ್ಟು ಮಾತ್ರ ನಿಜವಿದೆ. ಕ್ಯೂಬಾದ ಸಿಗಾರ್‌ಗಳನ್ನು ಜಗತ್ತಿಗೆಲ್ಲ ಮಾರುವ ಹಬಾನೋಸ್ ಸಂಸ್ಥೆಯ ವಹಿವಾಟು 2023ರಲ್ಲಿ 72 ಕೋಟಿ ಡಾಲರ್ ದಾಟಿತ್ತು. 2024ರಲ್ಲಿ ಅದು ಸುಮಾರು 83 ಕೋಟಿಗೆ ಏರಿತು. ಇದನ್ನು ಕುಸಿತವೆನ್ನಲು ಬರುವುದಿಲ್ಲ. ಆದರೆ ಹಣ ಹೆಚ್ಚಿತೆಂದರೆ ಸೇದುವವರು ಹೆಚ್ಚಿದರೆಂದು ಅರ್ಥವಲ್ಲ. 2022ರಲ್ಲಿ ಆ ಸಂಸ್ಥೆಯ ಕೊಹಿಬಾ ಮತ್ತು ಟ್ರಿನಿಡಾಡ್ ಬ್ರ್ಯಾಂಡುಗಳ ದರವನ್ನು ಎಲ್ಲ ದೇಶಗಳಲ್ಲೂ ಹಾಂಕಾಂಗ್‌ನ ಮಟ್ಟಕ್ಕೆ ಏರಿಸಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಬೀಸಿ, ಕ್ಯೂಬಾದಲ್ಲಿ ತಂಬಾಕು ಬೆಳೆಯುವ ಪಿನಾರ್ ದೆಲ್ ರಿಯೋ ಪ್ರಾಂತದಲ್ಲಿ ಎಲೆ ಒಣಗಿಸುವ ಸಾವಿರಾರು ಮನೆಗಳು ನೆಲಕಚ್ಚಿದವು. ಮಾಲು ಕಡಿಮೆ, ಬೆಲೆ ಜಾಸ್ತಿ, ಕೊಳ್ಳುವವರು ಚೀನಾದಂಥ ದೇಶಗಳ ಸಿರಿವಂತರು ಎಂಬ ಸ್ಥಿತಿಗೆ ಆ ವ್ಯಾಪಾರ ಬಂದು ನಿಂತಿದೆ.

ಅಮೆರಿಕದ ಕಥೆ ಬೇರೆ. 1962ರ ನಿರ್ಬಂಧದಿಂದಾಗಿ ಅಲ್ಲಿಗೆ ಕ್ಯೂಬಾದ ಮಾಲು ಹೋಗುವುದಿಲ್ಲ. ನಿಕರಾಗುವಾ, ಹೊಂಡುರಾಸ್, ಡೊಮಿನಿಕನ್ ಗಣರಾಜ್ಯಗಳೇ ಆ ದೇಶದ ಬೇಡಿಕೆಯನ್ನು ಪೂರೈಸುತ್ತವೆ. ಕೊರೋನಾ ಕಾಲದಲ್ಲಿ ಮನೆಯಲ್ಲಿ ಕುಳಿತವರಿಂದ ಏರಿದ ಬೇಡಿಕೆ ಅಲ್ಲಿ ಈಗ ತಣ್ಣಗಾಗಿದೆ, 2025ರಲ್ಲಿ ಹೊಸ ಆಮದು ಸುಂಕವೂ ಬಂದಿತ್ತು. 1990ರ ದಶಕದಲ್ಲಿಯೂ ಅಲ್ಲಿ ಹೀಗೆಯೇ ಸಿಗಾರ್‌ನ ಹುಚ್ಚು ಏರಿ, ದಶಕ ಮುಗಿಯುವುದರೊಳಗೆ ಗೋದಾಮುಗಳಲ್ಲಿ ಮಾಲು ಕೊಳೆಯುವಂತಾಗಿತ್ತು.

ಇವೆಲ್ಲವೂ ನಿಮ್ಮ ಕಪಾಟಿಗೆ ತಲುಪುವುದು ತೆರಿಗೆಯ ಮೂಲಕ. 2017ರಿಂದ 28% ಜಿಎಸ್‌ಟಿ ಮತ್ತು ಅದರ ಮೇಲೆ ಪರಿಹಾರ ಸೆಸ್ ಇತ್ತು. 2026ರ ಫೆಬ್ರವರಿ 1ರಿಂದ ಸಿಗಾರ್ 40% ದರಕ್ಕೆ ಸೇರಿದೆ. ಬೀಡಿಗೆ ಮಾತ್ರ 18% ಇದೆ. ವಿದೇಶಿ ಕಂಪನಿಯೊಂದು ಇಲ್ಲಿಯೇ ಕಾರ್ಖಾನೆ ಹಾಕಿ ಅಗ್ಗವಾಗಿ ಕೊಡಲಿ ಎಂದರೆ, ಸಿಗಾರ್ ಮತ್ತು ಸಿಗರೇಟಿನ ತಯಾರಿಕೆಯಲ್ಲಿ ನೇರ ವಿದೇಶಿ ಹೂಡಿಕೆಗೆ ನಮ್ಮಲ್ಲಿ ಅವಕಾಶವೇ ಇಲ್ಲ. ಹಾಗಾಗಿ ಹೊರಗೆ ಹತ್ತು ರೂಪಾಯಿ ಏರಿದರೆ ಆಮದು ಸುಂಕ, ಜಿಎಸ್‌ಟಿ, ವಿತರಕರ ಮಾರ್ಜಿನ್ ಎಲ್ಲವೂ ಆ ಏರಿಕೆಯ ಮೇಲೆಯೇ ಕೂಡುತ್ತವೆ.

ಧಾರವಾಡದ ಮಾಜಿ ಗಿರಾಕಿ

ಕೊಳ್ಳುವುದನ್ನು ನಿಲ್ಲಿಸಿದವನಾಗಿ ಹೇಳುತ್ತೇನೆ. ಬೆಲೆಯೊಂದೇ ಕಾರಣವಲ್ಲ. ಒಂದು ರೊಬಸ್ಟೊ (ಗಿಡ್ಡನೆಯ ದಪ್ಪ ಸಿಗಾರ್) ಸೇದಿ ಮುಗಿಸಲು ಮುಕ್ಕಾಲು ಗಂಟೆಯಾದರೂ ಬೇಕು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧ. ಮನೆಯಲ್ಲಿ ಹಚ್ಚಿದರೆ ಪರದೆಗಳಿಗೆಲ್ಲ ವಾಸನೆ ಹಿಡಿಯುತ್ತದೆಂದು ಜಗಳ. ಉಳಿದದ್ದು ಮಾಳಿಗೆ ಮಾತ್ರ, ಅಲ್ಲಿಯೂ ನಮ್ಮ ಸಪ್ತಾಪುರದ ಮಳೆ ಬಿಡಬೇಕಲ್ಲ. ಹೃದಯದ ವೈದ್ಯರು ಹೇಳಿದ ಬುದ್ಧಿಮಾತು ಬೇರೆ ಇದೆ.

ಇನ್ನೊಂದು ಸಂಗತಿ. ವಿದೇಶದಿಂದ ಬರುವ ಪ್ರಯಾಣಿಕರು 25 ಸಿಗಾರ್‌ಗಳವರೆಗೆ ಸುಂಕವಿಲ್ಲದೆ ತರಬಹುದು. ದುಬೈಯಲ್ಲಿ ಮಗನೋ ಅಳಿಯನೋ ಇರುವ ಮನೆ ನಮ್ಮ ಓಣಿಯಲ್ಲಿಯೇ ಹಲವಿವೆ. ಅಂಥವರು ನಿಮ್ಮ ಅಂಗಡಿಗೆ ಏಕೆ ಬರುತ್ತಾರೆ? ಇದಲ್ಲದೆ, ನಿಮ್ಮ ಅಂಗಡಿಯೆಂದು ಹೇಳುತ್ತಿಲ್ಲ, ನಾನು ಈ ಭಾಗದಲ್ಲಿ ಕೊಂಡ ಮಾಲು ಬೇಸಿಗೆಯಲ್ಲಿ ಹೆಚ್ಚಾಗಿ ಒಣಗಿಯೇ ಇರುತ್ತಿತ್ತು. ಬೆರಳುಗಳ ನಡುವೆ ಮೆಲ್ಲಗೆ ಒತ್ತಿದರೆ ಹೊರಗಿನ ಎಲೆ ಚಟ್ಟನೆ ಸೀಳುತ್ತಿತ್ತು. ಒಮ್ಮೆ ಸೂಜಿ ಚುಚ್ಚಿದಂತೆ ಸಣ್ಣ ತೂತುಗಳಿದ್ದವು, ಬಿಳಿ ಕಾಗದದ ಮೇಲೆ ತಟ್ಟಿದಾಗ ಕಂದು ಹುಡಿ ಉದುರಿತು. ತಂಬಾಕು ದುಂಬಿಯ ಕೆಲಸ. ಆರ್ದ್ರತೆ 65ರಿಂದ 70% ನಡುವೆ, ಉಷ್ಣಾಂಶ 20 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕಾದ ವಸ್ತುವನ್ನು ಏಪ್ರಿಲ್ ತಿಂಗಳಲ್ಲಿ ಬರಿಯ ಗಾಜಿನ ಕಪಾಟಿನಲ್ಲಿ ಇಟ್ಟರೆ ಇನ್ನೇನಾಗುತ್ತದೆ? ಸಾವಿರಾರು ರೂಪಾಯಿ ಕೊಟ್ಟವನು ಎರಡನೆಯ ಸಲ ಮೋಸಹೋಗಲು ಬರುವುದಿಲ್ಲ.

ಕೇಶ್ವಾಪುರದ ಅಂಗಡಿಕಾರ

ಇಬ್ಬರಿಗೂ ಧನ್ಯವಾದಗಳು. ನಮ್ಮಲ್ಲಿ ಹ್ಯೂಮಿಡಾರ್ (ಸಿಗಾರ್‌ನ ತೇವ ಕಾಪಾಡುವ ಪೆಟ್ಟಿಗೆ) ಇದೆ, ಆದರೆ ಕರೆಂಟು ಹೋದಾಗ ಅದರದೂ ಕಷ್ಟವೇ. ಗಿರಾಕಿಗಳು ಕೇಳುವುದು ಒಂದು ಅಥವಾ ಎರಡು, ವಿತರಕರು ಕೊಡುವುದು 25ರ ಪೆಟ್ಟಿಗೆ. ಒಡೆದು ಮಾರಿದರೆ ಹೇಗೆ? ತಮಿಳುನಾಡಿನ ದಿಂಡಿಗಲ್ ಕಡೆಯ ಚುಟ್ಟಾ (ನಮ್ಮ ನಾಡಿನ ಸಿಗಾರ್) ತರಿಸಿದರೆ ನಡೆಯುವುದೇ?

ನಿಪ್ಪಾಣಿ ಕಡೆಯ ತಂಬಾಕು ವ್ಯಾಪಾರಿ

ಒಡೆದು ಮಾರುವ ಯೋಚನೆಯನ್ನು ಕೈಬಿಡಿ. 2003ರ ಕೇಂದ್ರ ಕಾಯ್ದೆಯ ತಂಬಾಕು ಉತ್ಪನ್ನಗಳ ಪಟ್ಟಿಯಲ್ಲಿ ಸಿಗಾರ್ ಮತ್ತು ಚುಟ್ಟಾ ಎರಡೂ ಇವೆ. ಆ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದಿದ್ದು, ಬಿಡಿಯಾಗಿ ಮಾರುವುದು, 21 ವರ್ಷ ತುಂಬದವರಿಗೆ ಕೊಡುವುದು, ಶಾಲಾ ಕಾಲೇಜುಗಳಿಂದ 100 ಮೀಟರ್ ಒಳಗೆ ಮಾರುವುದು ಎಲ್ಲವೂ ಅಪರಾಧ. ನನ್ನ ಲೆಕ್ಕದಲ್ಲಿ ಸಣ್ಣ ಊರುಗಳ ಸಿಗಾರ್ ವ್ಯಾಪಾರ ಬಿದ್ದದ್ದು ಇಲ್ಲಿಯೇ: ನಮ್ಮ ಗಿರಾಕಿ ಪೆಟ್ಟಿಗೆ ಕೊಳ್ಳುವವನಲ್ಲ, ಒಂದು ಕೊಳ್ಳುವವನು.

ದಿಂಡಿಗಲ್, ತಿರುಚಿರಾಪಳ್ಳಿಗಳ ಚುಟ್ಟಾ ಬ್ರಿಟಿಷರ ಕಾಲದಲ್ಲಿ ಲಂಡನ್ನಿನವರೆಗೂ ಹೆಸರಾಗಿತ್ತು, ಆದರೆ ಕೊಹಿಬಾ ಕೇಳುವವನು ಅದನ್ನು ಮುಟ್ಟುವುದಿಲ್ಲ. ಗೋವಾ ಕಡೆಯಿಂದ ಅಗ್ಗದ ಪೆಟ್ಟಿಗೆ ತಂದುಕೊಡುತ್ತೇವೆ ಎನ್ನುವವರೂ ಬರುತ್ತಾರೆ. ಪೆಟ್ಟಿಗೆಯ ಮೇಲೆ 85% ಜಾಗದ ಎಚ್ಚರಿಕೆಯ ಚಿತ್ರವಿಲ್ಲದಿದ್ದರೆ ಅದು ಕಳ್ಳಮಾಲು ಎಂದೇ ತಿಳಿಯಿರಿ. ಇರುವುದನ್ನು ಖರೀದಿ ಬೆಲೆಗಾದರೂ ಮುಗಿಸಿ. ಮುಂದೆ ಯಾರಾದರೂ ಮುಂಗಡ ಕೊಟ್ಟು ಕೇಳಿದರೆ 3 ಅಥವಾ 5ರ ಸೀಲಾದ ಪ್ಯಾಕು ಮಾತ್ರ ತರಿಸಿಕೊಡಿ. ದೀಪಾವಳಿಯ ಆರ್ಡರನ್ನು ಬಾದಾಮಿಗೇ ಹಾಕಿ.