ಜಪಾನಿ ಬ್ಯಾಂಟಮ್: ಗಿಡ್ಡಗಾಲಿನ ಜೋಡಿಗೆ ಉದ್ದಗಾಲಿನ ಮರಿ, ರಿಂಗ್ ಅಳತೆ, ಷೋ ತಯಾರಿ

ಕಡಲತಡಿ

ಎಲ್ಲರಿಗೂ ನಮಸ್ಕಾರ. ಊರು ಉಡುಪಿ ಕಡೆ. ಕಪ್ಪು ಬಾಲದ ಬಿಳಿ ಜಪಾನಿ ಬ್ಯಾಂಟಮ್ (ಪುಟ್ಟ ಗಾತ್ರದ ಕೋಳಿ ತಳಿ) ಇವೆ: ಎರಡು ಹುಂಜ, ನಾಲ್ಕು ಹೇಂಟೆ, ಎಲ್ಲವೂ ಗಿಡ್ಡಗಾಲಿನವು. ಪಕ್ಕದ ಗೂಡಿನಲ್ಲಿ ಇನ್ನೊಂದು ಪುಟ್ಟ ತಳಿಯಾದ ಸೆರಾಮಾ ಒಂದು ಜೋಡಿ. ಇನ್ಕ್ಯುಬೇಟರ್ ಫ್ಯಾನ್ ಇರುವಂಥದ್ದು, 37.6 ಡಿಗ್ರಿ, ನೀರಿನ ತಟ್ಟೆ ಮೊದಲ ದಿನದಿಂದ ತುಂಬಿಯೇ ಇರುತ್ತದೆ.

ಏಳನೇ ದಿನ ಬೆಳಕಿಗೆ ಹಿಡಿದರೆ ಕೆಲವು ಮೊಟ್ಟೆಗಳಲ್ಲಿ ರಕ್ತದ ಬಳೆ ಮಾತ್ರ ಕಾಣುತ್ತದೆ. ಇನ್ನು ಕೆಲವು ಪೂರ್ತಿ ಬೆಳೆದು, ಚಿಪ್ಪು ಒಡೆಯುವ ಹೊತ್ತಿಗೆ ಒಳಗೇ ಸಾಯುತ್ತವೆ. ಹೊರಬಂದ ಮರಿಗಳಲ್ಲಿ ಕೆಲವಕ್ಕೆ ಉದ್ದ ಕಾಲು. ಮಾರಿದವರು ಬೆರಕೆ ಕೊಟ್ಟರೇ? ಮರಿಗಳ ಕಾಲಿಗೆ ಗುರುತಿನ ರಿಂಗ್ ಯಾವಾಗ, ಯಾವ ಅಳತೆಯದ್ದು ಹಾಕಬೇಕು? ಕೋಳಿ ಷೋಗೆ ಒಯ್ಯುವ ಮೊದಲು ತೊಳೆಯುವ ಕ್ರಮವನ್ನೂ ತಿಳಿದವರು ಹೇಳಿ.

ಗಿಡ್ಡಗಾಲು

ಬೆರಕೆ ಅಲ್ಲ. ಈ ತಳಿಯ ಗುಣವೇ ಅದು. ಆದರೆ ನೀವು ಹೇಳಿದ ಎರಡು ಬಗೆಯ ಸಾವಿಗೆ ಎರಡು ಬೇರೆ ಕಾರಣಗಳಿವೆ, ಒಂದೇ ಲೆಕ್ಕಕ್ಕೆ ಸೇರಿಸಬೇಡಿ.

ಕಾಲು ಗಿಡ್ಡ ಮಾಡುವ ಜೀನ್ ಒಂದೇ ಪ್ರತಿ ಇದ್ದರೆ ಹಕ್ಕಿ ಗಿಡ್ಡಗಾಲಿನದಾಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ಬಂದು ಎರಡು ಪ್ರತಿ ಆದರೆ ಭ್ರೂಣ ಉಳಿಯುವುದಿಲ್ಲ, ಹೆಚ್ಚಿನವು ಮೂರು ನಾಲ್ಕನೇ ದಿನಕ್ಕೇ ಸಾಯುತ್ತವೆ. ನಿಮಗೆ ಏಳನೇ ದಿನ ಕಾಣುವ ರಕ್ತದ ಬಳೆಗಳಲ್ಲಿ ಬಹುಪಾಲು ಇವೇ ಇರಬೇಕು. ಹಾಗಾಗಿ ಬದುಕಿರುವ ಯಾವ ಗಿಡ್ಡಗಾಲಿನ ಹಕ್ಕಿಯಲ್ಲೂ ಆ ಜೀನ್ ಒಂದೇ ಪ್ರತಿ ಇರುತ್ತದೆ, ಅದರ ಮರಿಗಳಲ್ಲಿ ಅರ್ಧಕ್ಕೆ ಅದು ಹೋಗುವುದೇ ಇಲ್ಲ. ಉದ್ದಗಾಲು ಬರುವುದು ಅಲ್ಲಿಂದ.

ಫಲ ಕಟ್ಟಿದ 12 ಮೊಟ್ಟೆ ಎಂದುಕೊಂಡು ಲೆಕ್ಕ ಹಾಕಿ. ಗಿಡ್ಡ-ಗಿಡ್ಡ ಜೋಡಿಯಲ್ಲಿ ಸರಾಸರಿ 3 ಸಾಯುತ್ತವೆ, 6 ಗಿಡ್ಡ, 3 ಉದ್ದ. ಗಿಡ್ಡ-ಉದ್ದ ಜೋಡಿಯಲ್ಲಿ ಈ ಜೀನಿನಿಂದ ಒಂದೂ ಸಾಯುವುದಿಲ್ಲ, 6 ಗಿಡ್ಡ, 6 ಉದ್ದ. ಗಿಡ್ಡಗಾಲಿನ ಮರಿ ಎರಡರಲ್ಲೂ ಆರೇ! ಅಂದಮೇಲೆ ಗಿಡ್ಡ-ಗಿಡ್ಡ ಕೂಡಿಸಿದರೆ ಉಳಿತಾಯವಾಗುವುದು ಉದ್ದಗಾಲಿನ ಮೂರು ಮರಿಗಳ ಕಾಳಿನ ಖರ್ಚು, ಕೊಡುವ ಬೆಲೆ ಮೂರು ಸತ್ತ ಭ್ರೂಣ. ನನ್ನ ಮಟ್ಟಿಗೆ ಗಿಡ್ಡ-ಉದ್ದವೇ ಸರಿಯಾದ ಜೋಡಿ. ಬಾಲ, ಎದೆ, ಜುಟ್ಟು ಚೆನ್ನಾಗಿರುವ ಉದ್ದಗಾಲಿನ ಹೇಂಟೆಯನ್ನು ಯಾರಿಗೂ ಕೊಟ್ಟುಬಿಡಬೇಡಿ. ಅದು ಷೋಗೆ ಬಾರದು, ತಳಿಗೆ ಬೇಕೇ ಬೇಕು. ಉದ್ದ-ಉದ್ದ ಕೂಡಿಸಿದರೆ ಮಾತ್ರ ಗಿಡ್ಡಗಾಲು ಎಂದೂ ಬರುವುದಿಲ್ಲ. ಸೆರಾಮಾದ ಕೆಲವು ವಂಶಗಳಲ್ಲೂ ಇದೇ ಜೀನ್ ಇದೆ, ಅಲ್ಲಿಯೂ ಗಮನಿಸಿ.

ಗಿಡ್ಡಗಾಲಿನ ಹುಂಜದ ಮೊಟ್ಟೆಗಳಲ್ಲಿ ಫಲವೇ ಕಟ್ಟದಿದ್ದರೆ ಅದು ಬೇರೆ ವಿಷಯ. ಹೊಟ್ಟೆ ನೆಲಕ್ಕೆ ತಾಗುವಷ್ಟು ಕೆಳಗಿರುವುದರಿಂದ ಹಿಂಭಾಗದ ಗರಿ ಅಡ್ಡ ಬರುತ್ತದೆ. ಹುಂಜ, ಹೇಂಟೆ ಎರಡರದ್ದೂ ಮಲದ್ವಾರದ ಸುತ್ತಲಿನ ಮೆತ್ತನೆ ಗರಿ ಕತ್ತರಿಸಿ. ಕೀಳಬೇಡಿ.

ಇನ್ನು ಕೊನೆಯಲ್ಲಿ ಸಾಯುವ ಮರಿಗಳು. ಇದಕ್ಕೆ ಮೊದಲು ಅನುಮಾನಿಸಬೇಕಾದದ್ದು ನಿಮ್ಮ ನೀರಿನ ತಟ್ಟೆ. ಕರಾವಳಿಯ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಅದರ ಮೇಲೆ ತಟ್ಟೆ ತುಂಬಿಟ್ಟರೆ ಮೊಟ್ಟೆಯ ತೇವ ಆರುವುದಿಲ್ಲ, ಗಾಳಿ ಕೋಣೆ ಚಿಕ್ಕದಾಗಿ ಉಳಿಯುತ್ತದೆ, ಮರಿ ಕೊಕ್ಕು ಹಾಕುವಾಗ ಉಸಿರು ಕಟ್ಟುತ್ತದೆ. ತೇವಾಂಶದ ಮೀಟರ್ ನಂಬುವುದಕ್ಕಿಂತ ಮೊಟ್ಟೆ ತೂಗಿ. 18ನೇ ದಿನದ ಹೊತ್ತಿಗೆ ತೂಕ ಶೇ 12-13 ಇಳಿದಿರಬೇಕು. 28 ಗ್ರಾಂ ಮೊಟ್ಟೆ ಏಳನೇ ದಿನ 26.6, 18ನೇ ದಿನ 24.5 ಗ್ರಾಂ ಹತ್ತಿರ ಇರಬೇಕು. ಏಳನೇ ದಿನ 27ರ ಮೇಲೇ ಇದ್ದರೆ ನೀರು ತೆಗೆದು ಗಾಳಿಕಿಂಡಿ ತೆರೆಯಿರಿ. ಕೊನೆಯ ಮೂರು ದಿನ ಮಾತ್ರ ತೇವಾಂಶ ಶೇ 65-70ಕ್ಕೆ ಏರಿಸಿ, ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ. ಸೆರಾಮಾ 19ನೇ ದಿನಕ್ಕೇ ಒಡೆಯಬಹುದು, ಅವುಗಳಿಗೆ 16ರಿಂದಲೇ ಈ ವ್ಯವಸ್ಥೆ ಆಗಬೇಕು.

ಗರಿಪಟ್ಟಿ

ಮೇಲಿನ ಲೆಕ್ಕವೆಲ್ಲ ಉಪಯೋಗಕ್ಕೆ ಬರುವುದು ಯಾವ ಮರಿ ಯಾವ ಜೋಡಿಯದ್ದು ಎಂದು ಗೊತ್ತಿದ್ದರೆ ಮಾತ್ರ. ರಿಂಗ್ ಷೋಗಾಗಿ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದರ ಮುಖ್ಯ ಕೆಲಸ ದಾಖಲೆ.

ಗುರುತು ಶುರುವಾಗಬೇಕಾದದ್ದು ಇನ್ಕ್ಯುಬೇಟರಿನಲ್ಲೇ. ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಜೋಡಿಯ ಸಂಖ್ಯೆ ಬರೆಯಿರಿ, ಸ್ಕೆಚ್ ಪೆನ್ ಬೇಡ. ತಿರುಗಿಸುವುದು ನಿಲ್ಲಿಸಿದ ದಿನ ಒಂದೊಂದು ಜೋಡಿಯ ಮೊಟ್ಟೆಗಳನ್ನು ಬೇರೆ ಬೇರೆ ಪ್ಲಾಸ್ಟಿಕ್ ಜಾಳಿಗೆ ಬುಟ್ಟಿಯಲ್ಲಿಟ್ಟು ಮೇಲೆ ಮುಚ್ಚಿ. ಇಲ್ಲದಿದ್ದರೆ ಒಡೆದ ಮರಿಗಳು ರಾತ್ರಿಯಲ್ಲಿ ಬೆರೆತುಹೋಗುತ್ತವೆ.

ಒಂದು ದಿನದ ಮರಿಗೆ ಮುಚ್ಚಿದ ರಿಂಗ್ (ಬಿಚ್ಚಲು ಬಾರದ, ಬೆಸುಗೆಯಿಲ್ಲದ ಬಳೆ) ನಿಲ್ಲುವುದಿಲ್ಲ. ಆಗ ಬೆರಳುಗಳ ನಡುವಿನ ತೆಳು ಚರ್ಮಕ್ಕೆ ಟೋ ಪಂಚ್‌ನಿಂದ ತೂತು ಮಾಡುವುದು ರೂಢಿ. ಒಂದೊಂದು ಕಾಲಿಗೆ ಎರಡು ಜಾಗ, ಒಟ್ಟು ನಾಲ್ಕು. ತೂತು ಇದೆ ಅಥವಾ ಇಲ್ಲ ಎಂಬ ಲೆಕ್ಕದಲ್ಲಿ 16 ಗುರುತು ಸಿಗುತ್ತವೆ. ಕತ್ತರಿಸಿದ ಚರ್ಮದ ಚೂರು ಪೂರ್ತಿ ಬಿದ್ದಿದೆಯೇ ನೋಡಿ, ಅಂಟಿಕೊಂಡಿದ್ದರೆ ವಾರದೊಳಗೆ ತೂತು ಕೂಡಿಬಿಡುತ್ತದೆ. ಪಂಚ್ ಬೇಡವೆನ್ನುವವರು ಬಣ್ಣದ ಸುರುಳಿ ರಿಂಗ್ ಹಾಕಬಹುದು, ಆದರೆ ಪ್ರತಿ ವಾರ ಪರೀಕ್ಷಿಸಿ ದೊಡ್ಡದಕ್ಕೆ ಬದಲಿಸಬೇಕು. ಮರೆತರೆ ರಿಂಗ್ ಚರ್ಮದೊಳಗೆ ಇಳಿದು ಕಾಲು ಊದಿಕೊಳ್ಳುತ್ತದೆ, ಬೆರಳೇ ಹೋಗಬಹುದು.

ಮುಚ್ಚಿದ ರಿಂಗಿನ ಅಳತೆಯನ್ನು ಮರಿಯ ಕಾಲು ನೋಡಿ ತೀರ್ಮಾನಿಸಬೇಡಿ. ಬೆಳೆದ ಹಕ್ಕಿಯ ಕಾಲಿನ ಅತಿ ಅಗಲವಾದ ಕಡೆ ಕ್ಯಾಲಿಪರ್ ಇಟ್ಟು ಅಳೆದು, ಅದಕ್ಕೆ ಸುಮಾರು 2 ಮಿ.ಮೀ. ಸೇರಿಸಿ, ರಿಂಗಿನ ಒಳ ಅಗಲ ಅಷ್ಟಿರಲಿ. ಹುಂಜದ ಕಾಲು ದಪ್ಪ, ಹೇಂಟೆಯದ್ದು ಸಣ್ಣ. ಗಂಡೋ ಹೆಣ್ಣೋ ತಿಳಿಯದಿದ್ದರೆ ದೊಡ್ಡದನ್ನೇ ಹಾಕಿ. ಕಾಲಿಗೆ ಗರಿ ಇರುವ ತಳಿಗೆ ಇನ್ನೊಂದು ಅಳತೆ ಹೆಚ್ಚು ಬೇಕು.

ಹಾಕುವ ಸಮಯ ಬ್ಯಾಂಟಮ್‌ಗಳಲ್ಲಿ ಸಾಮಾನ್ಯವಾಗಿ 5ರಿಂದ 8 ವಾರ. ಮುಂದಿನ ಮೂರು ಬೆರಳುಗಳನ್ನು ಒಟ್ಟಿಗೆ ಹಿಡಿದು ರಿಂಗಿನೊಳಗೆ ತೂರಿಸಿ, ಹಿಂಬೆರಳನ್ನು ಕಾಲಿಗೆ ಒತ್ತಿ ಮಡಚಿ, ರಿಂಗ್ ಮೇಲೆ ಸರಿಸಿ, ಆಮೇಲೆ ಹಿಂಬೆರಳನ್ನು ಬೆಂಕಿಕಡ್ಡಿಯಿಂದ ಹೊರಗೆ ಎಳೆಯಿರಿ. ಸ್ವಲ್ಪ ವ್ಯಾಸಲಿನ್ ಹಚ್ಚಿದರೆ ಸುಲಭ. ಮೂರು ದಿನ ಬೆಳಗ್ಗೆ ಬೆಳಗ್ಗೆ ನೋಡಿ. ಜಾರಿ ಬಿದ್ದಿದ್ದರೆ ಒಂದು ವಾರ ಬಿಟ್ಟು ಮತ್ತೆ ಹಾಕಿ. ಬಲವಂತವಾಗಿ ತೂರಿಸುವ ಸ್ಥಿತಿ ಬಂದಿದ್ದರೆ ಹೊತ್ತು ಮೀರಿದೆ, ಬಿಟ್ಟುಬಿಡಿ. ಹುಂಜಕ್ಕೆ ಕಾಲಿನ ಮುಳ್ಳು ಮೂಡುವಾಗ ರಿಂಗ್ ಅದಕ್ಕೆ ಸಿಕ್ಕಿ ಬಿಗಿಯುತ್ತಿದೆಯೇ ಎಂದು ಮತ್ತೆ ನೋಡಬೇಕು. ಗಿಡ್ಡಗಾಲಿನ ಹಕ್ಕಿಗೆ ಒಂದೇ ಕಾಲಿಗೆ ಎರಡು ರಿಂಗ್ ಖಂಡಿತ ಬೇಡ, ಜಾಗವೇ ಇಲ್ಲ.

ಜರ್ಮನಿಯ ಷೋಗಳಲ್ಲಿ ವರ್ಷ ಅಚ್ಚಾದ ಮುಚ್ಚಿದ ರಿಂಗ್ ಇರಲೇಬೇಕು, ಅದನ್ನು ಸಂಘದ ಮೂಲಕ ತರಿಸಬೇಕು. ಅಮೆರಿಕದಲ್ಲಿ ಬಿಚ್ಚಿ ಹಾಕಬಹುದಾದ ತೆರೆದ ರಿಂಗ್ ಕೂಡ ನಡೆಯುತ್ತದೆ. ನಮ್ಮಲ್ಲಿ ಷೋ ನಡೆಸುವವರನ್ನೇ ಮೊದಲು ಕೇಳಿಕೊಳ್ಳಿ.

ಕಡಲತಡಿ

ಇಬ್ಬರಿಗೂ ತುಂಬಾ ಧನ್ಯವಾದ. ನೀರಿನ ತಟ್ಟೆ ಇವತ್ತೇ ತೆಗೆದೆ. ತೊಳೆಯುವ ವಿಷಯ ಯಾರಾದರೂ ಹೇಳುವಿರಾ? ಬಿಳಿ ಗರಿ, ಕೆಂಪು ಮಣ್ಣು.

ಬಿಳಿಗರಿ

ತೊಳೆಯುವ ಮೊದಲು ಒಯ್ಯಲು ಯೋಗ್ಯವೇ ನೋಡಿ. ಹಿಂದಿನಿಂದ ನೋಡಿದಾಗ ಬಾಲ ಒಂದು ಪಕ್ಕಕ್ಕೆ ವಾಲಿದ್ದರೆ ತೊಳೆದು ಪ್ರಯೋಜನವಿಲ್ಲ, ಅದು ಅನರ್ಹತೆ, ತಳಿಗೂ ಬೇಡ. ಜುಟ್ಟಿನ ಪಕ್ಕಕ್ಕೆ ಮುಳ್ಳಿನಂತೆ ಚಿಗುರು ಬಂದಿದ್ದರೂ ಅಷ್ಟೇ. ತೂಕಕ್ಕೆ ಅಮೆರಿಕದ ಮಾನದಂಡದಲ್ಲಿ ಜಪಾನಿ ಹುಂಜ 26 ಔನ್ಸ್, ಹೇಂಟೆ 22 ಔನ್ಸ್, ಅಂದರೆ ಸುಮಾರು 740 ಮತ್ತು 620 ಗ್ರಾಂ. ಮುರಿದ ಬಾಲದ ಗರಿ ಇದ್ದರೆ ಷೋಗೆ ಎರಡು ತಿಂಗಳು ಮೊದಲೇ ಕಿತ್ತರೆ ಹೊಸದು ಬರುತ್ತದೆ, ಹಿಂದಿನ ವಾರ ಕಿತ್ತರೆ ಖಾಲಿ ಜಾಗ ಉಳಿಯುತ್ತದೆ.

ತೊಳೆಯುವುದು ಷೋಗೆ ಎರಡು ಮೂರು ದಿನ ಮೊದಲು, ಬೆಳಗಿನ ಹೊತ್ತು. ಗರಿಯ ಎಣ್ಣೆ ಹಿಂದಿರುಗಲು ಅಷ್ಟು ಸಮಯ ಬೇಕು. ಮೂರು ಬಕೆಟ್, ಎಲ್ಲದರಲ್ಲೂ ಉಗುರುಬೆಚ್ಚಗಿನ ನೀರು. ಮೊದಲನೆಯದರಲ್ಲಿ ಬೇಬಿ ಶಾಂಪೂ. ಗರಿ ಬೆಳೆದ ದಿಕ್ಕಿನಲ್ಲೇ ಸ್ಪಂಜಿನಿಂದ ಒತ್ತಿ, ಅಡ್ಡ ಉಜ್ಜಬೇಡಿ. ಎರಡನೆಯದರಲ್ಲಿ ಒಂದೆರಡು ಚಮಚ ವಿನೆಗರ್, ಅದು ಸೋಪಿನಂಶ ತೆಗೆಯುತ್ತದೆ. ಸೋಪು ಉಳಿದರೆ ಗರಿ ಕೂಡದೆ ಎಳೆಎಳೆಯಾಗಿ ನಿಲ್ಲುತ್ತದೆ. ಮೂರನೆಯದು ಬರೀ ನೀರು. ಬಟ್ಟೆಗೆ ಹಾಕುವ ನೀಲಿ ಹಾಕುವವರಿದ್ದಾರೆ. ಇಡೀ ಬಕೆಟ್ಟಿಗೆ ಎರಡು ಹನಿ ಮೀರಿದರೆ ಹಕ್ಕಿಯೇ ನೀಲಿಯಾಗುತ್ತದೆ, ಮೊದಲ ಸಲಕ್ಕೆ ಬಿಡುವುದೇ ಒಳ್ಳೆಯದು. ತಲೆ ಮುಳುಗಿಸಬಾರದು, ಮುಖಕ್ಕೆ ಒದ್ದೆ ಬಟ್ಟೆ ಸಾಕು. ಟವೆಲಿನಲ್ಲಿ ಸುತ್ತಿ ನೀರು ಹೀರಿಸಿ, ಒಂದಡಿ ದೂರದಿಂದ ಕಡಿಮೆ ಬಿಸಿಯಲ್ಲಿ ಡ್ರೈಯರ್ ಹಿಡಿಯಿರಿ. ಬ್ಯಾಂಟಮ್ ಮೈ ಚಿಕ್ಕದು, ಬೇಗ ಚಳಿ ಹಿಡಿಯುತ್ತದೆ. ಮೆತ್ತನೆ ಗರಿಯ ಬುಡ ಆರುವ ತನಕ ಹೊರಗೆ ಬಿಡಬೇಡಿ.

ಕಾಲಿನ ಪೊರೆಯಡಿ ಕೂತ ಕೆಂಪು ಮಣ್ಣಿಗೆ ಹಳೆಯ ಹಲ್ಲುಜ್ಜುವ ಬ್ರಷ್, ಆಮೇಲೆ ಹಲ್ಲುಕಡ್ಡಿ, ಮೇಲಿಂದ ಕೆಳಕ್ಕೆ ಮಾತ್ರ. ಪೊರೆ ಎದ್ದು ಒರಟಾಗಿದ್ದರೆ ಅದು ಕೊಳೆಯಲ್ಲ, ಹುಳದ ಕೆಲಸ. ವಾರಗಟ್ಟಲೆ ವ್ಯಾಸಲಿನ್ ಹಚ್ಚಿ ಗುಣಪಡಿಸಿ, ಈ ಷೋ ಬಿಡಿ.

ಹತ್ತು ದಿನ ಮೊದಲಿನಿಂದ ಒಂದೂವರೆ ಅಡಿಯ ಪಂಜರದಲ್ಲಿ ಒಂದೊಂದನ್ನೇ ಇಟ್ಟು, ಕೈಯಿಂದ ಕಾಳು ಕೊಟ್ಟು, ಕಡ್ಡಿಯಿಂದ ಮೆಲ್ಲನೆ ಎದೆ ಮುಟ್ಟಿ ನಿಲ್ಲುವ ಭಂಗಿ ಅಭ್ಯಾಸ ಮಾಡಿಸಿ. ಸೆರಾಮಾಕ್ಕೆ ಇದು ಇನ್ನೂ ಮುಖ್ಯ, ಅದನ್ನು ಮೇಜಿನ ಮೇಲೆ ನಡೆಸಿ ನೋಡಿಯೇ ಅಂಕ ಕೊಡುವುದು. ಮೂಲೆಗೆ ಮುದುಡಿದ ಹಕ್ಕಿಯ ಬಾಲ, ಎದೆ ತೀರ್ಪುಗಾರರಿಗೆ ಕಾಣುವುದೇ ಇಲ್ಲ.

ಷೋ ಮುಗಿಸಿ ತಂದವನ್ನು ಹಳೆಯ ಗೂಡಿಗೆ ಸೇರಿಸುವ ಮೊದಲು ಮೂರು ವಾರ ಬೇರೆಡೆ ಇಡಿ. ನೀರು, ಕಾಳಿನ ಪಾತ್ರೆ, ಚಪ್ಪಲಿ ಎಲ್ಲ ಬೇರೆ. ಅವುಗಳ ಕೆಲಸ ದಿನದ ಕೊನೆಗೆ ಮಾಡಿ, ಮರಿಗಳ ಕೆಲಸ ಮೊದಲು. ರಾಣಿಖೇತ್ ರೋಗದ ಲಸಿಕೆಗಳಾದ ಲಸೋಟಾ, ಆರ್2ಬಿ ಆಗದ ಹಕ್ಕಿಯನ್ನು ಒಯ್ಯಲೇಬೇಡಿ. ಲಸಿಕೆ ಹಾಕಿಸಿದ ದಿನಾಂಕವನ್ನು ರಿಂಗ್ ಸಂಖ್ಯೆಯ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.

ಗಿಡ್ಡಗಾಲು

ಒಂದು ಸೇರಿಕೆ: ನೆಲಕ್ಕೆ ಭತ್ತದ ಹೊಟ್ಟು ಮೂರು ಇಂಚು ಹಾಕಿ, ಒದ್ದೆಯಾದದ್ದನ್ನು ಅಂದೇ ತೆಗೆದರೆ ಗಿಡ್ಡಗಾಲಿನ ಹಕ್ಕಿಯ ಹೊಟ್ಟೆಗರಿಗೆ ಅರ್ಧ ತೊಳೆಯುವ ಕೆಲಸ ತಪ್ಪುತ್ತದೆ. ಮಳೆಗಾಲದಲ್ಲಿ ಮರಿಗಳಿಗೆ ರಕ್ತಭೇದಿ ಬರುವುದೂ ಒದ್ದೆ ಹೊಟ್ಟಿನಿಂದಲೇ. ಬಂದರೆ ಶೇ 20ರ ಆಂಪ್ರೋಲಿಯಂ ಪುಡಿ ಲೀಟರ್ ನೀರಿಗೆ 0.6 ಗ್ರಾಂ, ಐದು ದಿನ. ಆ ದಿನಗಳಲ್ಲಿ ಬಿ1 ಇರುವ ವಿಟಮಿನ್ ಟಾನಿಕ್ ಕೊಡಬೇಡಿ, ಔಷಧದ ಕೆಲಸವನ್ನು ಅದು ಕೆಡಿಸುತ್ತದೆ.